ರಕ್ತ ನನ್ನದು, ಹೆಸರು ಇವರದು

10-6-96, ಸೋಮವಾರ

ಸ್ಯಾಂಪಲ್ ವಾಪಸ್! ಅರ್ಧ ದಿನ ರಜೆ ಹಾಕಿ, ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಬಸ್ಸಿನಲ್ಲಿ ನಿಂತೇ ಹೋಗಿ ಕೊಟ್ಟ ರಕ್ತ. ಲ್ಯಾಬಿನವರು ಐಸ್ ಡಬ್ಬಿಯಲ್ಲಿಟ್ಟು ಬೆಂಗಳೂರಿಗೆ ಕಳಿಸಿದ್ದರು. ಅಲ್ಲಿಂದ ಚೀಟಿ — ಹೆಂಗಸಿಗೆ ಟೆಸ್ಟೋಸ್ಟೆರಾನ್ ಟೆಸ್ಟ್ ಯಾಕೆ, ವಿಚಾರಿಸಿ ಮತ್ತೆ ಕಳಿಸಿ.

ಯಾಕೆ ಅಂತ ಎಷ್ಟು ಜನಕ್ಕೆ ಹೇಳಲಿ? ಹೋದ ವರ್ಷ ಗರ್ಭಕೋಶದ ಜೊತೆ ಅಂಡಾಶಯಗಳನ್ನೂ ತೆಗೆದರು. ಮುಟ್ಟು ಒಂದೇ ದಿನಕ್ಕೆ ಬಂದ್. ಆಮೇಲೆ ಬೆವರು, ಮೈಯೆಲ್ಲ ಉರಿ, ಯಾವುದರಲ್ಲೂ ಮನಸ್ಸಿಲ್ಲ. ಮೈಸೂರಿನ ಲೇಡಿ ಡಾಕ್ಟರ್ ಈಸ್ಟ್ರೋಜೆನ್ ಮಾತ್ರೆ ಬರೆದರು. ಜೊತೆಗೆ ತಿಂಗಳಿಗೊಂದು ಟೆಸ್ಟೋಸ್ಟೆರಾನ್ ಇಂಜೆಕ್ಷನ್, ಅರ್ಧ ಆಂಪ್ಯೂಲ್. ಗಂಡಸರ ಹಾರ್ಮೋನ್ ಅದು, ಹೆಂಗಸರ ಮೈಯಲ್ಲೂ ಚೂರು ಇರುತ್ತದಂತೆ. ಅವರ ಮಾತನ್ನು ಈ ಡೈರಿಯ ಮೊದಲ ಪುಟದಲ್ಲೇ ಬರೆದಿಟ್ಟಿದ್ದೇನೆ: ರಿಪೋರ್ಟ್ ಕಮ್ಮಿ ಬಂದರೆ ಪೂರ್ತಿ, ಸರಿಯಿದ್ದರೆ ಅರ್ಧ, ಜಾಸ್ತಿ ಬಂದರೆ ನಿಲ್ಲಿಸಿ. ಜಾಸ್ತಿಯಾದರೆ ಗಂಟಲು ಒಡೆಯುತ್ತದೆ. ಒಡೆದ ಗಂಟಲು ಮತ್ತೆ ಸರಿಹೋಗದೆಯೂ ಇರಬಹುದು.

ಬೇಗೂರು ಸ್ಕೂಲಿನಲ್ಲಿ ಹತ್ತೊಂಬತ್ತು ವರ್ಷದಿಂದ ಪ್ರಾರ್ಥನೆ ಎತ್ತಿಕೊಡುವವಳು ನಾನು. ಆ ಗಂಟಲೊಂದು ನನ್ನದು ಅಂತ ಇರುವುದು.

13-6-96

ಮತ್ತೆ ರಜೆ, ಮತ್ತೆ ಸೂಜಿ. ಲ್ಯಾಬಿನ ಮಾದೇಶ್, "ಈ ಸಲ ವಾಪಸ್ ಬರಕಿಲ್ಲ ಬುಡಿ ಮೇಡಂ. ನಾನ್ ಸರಿ ಮಾಡಿ ಕಳುಸ್ತೀನಿ" ಅಂದ. ಮನೆಯಲ್ಲಿ ಫೋನಿಲ್ಲ. ಇವರ ಆಫೀಸ್ ನಂಬರ್ ಕೊಟ್ಟು ಬಂದೆ.

ಗಂಟಲು ಕೆರೆತ. ಸೀಮೆಸುಣ್ಣದ ಧೂಳು ಇರಬೇಕು.

26-6-96

ಆಫೀಸಿಗೆ ಫೋನ್ ಬಂತಂತೆ. ಇವರು ಚಪ್ಪಲಿ ಬಿಡುವ ಮೊದಲೇ, "ಕಮ್ಮಿ ಅದಂತೆ ಕಣಮ್ಮಿ" ಅಂದರು.

ಎಷ್ಟು ಅಂದೆ.

"ಕಮ್ಮಿ ಅಂದ್ಮೇಲೆ ಮುಗೀತು. ಎಷ್ಟು ಅಂತ ಯಾಕ್ ಕೇಳನ?"

ಕರೆಂಟ್ ಆಫೀಸಿನಲ್ಲಿ ದಿನವಿಡೀ ಮೀಟರ್ ರೀಡಿಂಗ್ ಬರೆಯುವ ಮನುಷ್ಯ! ಹೆಂಡತಿಯದು ಮಾತ್ರ ಬೇಡ. ರಿಪೋರ್ಟ್ ಪೋಸ್ಟಿನಲ್ಲಿ ಬರುತ್ತದಂತೆ.

27-6-96

ಸಿಸ್ಟರ್ ಚಿಕ್ಕಮಲ್ಲಮ್ಮ ಇವತ್ತು ಪೂರ್ತಿ ಆಂಪ್ಯೂಲ್ ಚುಚ್ಚಿದರು. "ಕಮ್ಮಿ ಅಂದವ್ರಲ್ಲಾ ಟೀಚರಮ್ಮ, ಯೋಚ್ನೆ ಬುಡಿ."

27-7-96

ಎರಡನೇ ಪೂರ್ತಿ ಆಂಪ್ಯೂಲ್. ರಿಪೋರ್ಟ್ ಇನ್ನೂ ಪೋಸ್ಟಿನಲ್ಲೇ ಇದೆ.

ಗಂಟಲು ಕಟ್ಟಿದ್ದು ಬಿಟ್ಟಿಲ್ಲ. ಮೆಣಸಿನ ಕಷಾಯ, ಉಪ್ಪುನೀರು, ಹಂಗಳದ ಜೇನು — ಸ್ಟಾಫ್ ರೂಮಿನಲ್ಲಿ ತಲೆಗೊಂದು ಸಲಹೆ. ಎಲ್ಲ ಕುಡಿದಾಯಿತು. ಮೇಲ್ದುಟಿಯಲ್ಲಿ ಎರಡು ದಪ್ಪ ಕೂದಲು. ಕಿತ್ತು ಬಿಸಾಕಿದೆ.

15-8-96

ಬರೆಯಲು ಮನಸ್ಸಿಲ್ಲ. ಆದರೂ...

ಬಾವುಟ ಹಾರಿಸಿದರು. ಪ್ರಾರ್ಥನೆ ಎತ್ತಿದೆ. ಎರಡನೇ ಸಾಲಿಗೆ ಧ್ವನಿ ಮೇಲೇರಬೇಕು. ಏರಲಿಲ್ಲ. ತಗಡು ಎಳೆದ ಹಾಗೆ ಏನೋ ಸದ್ದು. ಮಕ್ಕಳು ನಕ್ಕರು. ಹೆಡ್ಮಾಸ್ಟರ್ ಬೆಟ್ಟಯ್ಯ ಆಮೇಲೆ ಕರೆದು, "ಸುದಾರಿಸ್ಕಳಿ ಮೇಡಂ. ನಾಳೆಯಿಂದ ಏಳ್ನೇ ಕ್ಲಾಸ್ ಹೆಣ್ಮಕ್ಳು ಹೇಳ್ಲಿ" ಅಂದರು. ಒಳ್ಳೆಯ ಮಾತಿನಲ್ಲೇ ಹೇಳಿದರು, ಅದೇ ಸಿಟ್ಟು.

ಸ್ಕೂಲಿನ ಹಿಂದೆ ನಿಂತು ಅತ್ತೆ. ಅಳುವ ಸದ್ದೂ ನನ್ನದಲ್ಲ.

17-8-96, ಶನಿವಾರ

ಪೋಸ್ಟ್ ಕಾದದ್ದು ಸಾಕು. ಮಧ್ಯಾಹ್ನ ಚಾಮರಾಜನಗರಕ್ಕೆ ನಾನೇ ಹೋದೆ. ರಿಪೋರ್ಟ್ ಮಾದೇಶನ ಡ್ರಾಯರ್‌ನಲ್ಲೇ ಇತ್ತು!

ಹೆಸರು: ಶಿವರುದ್ರಸ್ವಾಮಿ. ವಯಸ್ಸು 51. ಗಂಡು. 192 — ಕಡಿಮೆ. ಇರಬೇಕಾದದ್ದು 300ರಿಂದ 1000.

"ಇದು ನಮ್ಮ ಯಜಮಾನರ ಹೆಸರು ಕಣಪ್ಪ."

"ಊಂ ಮೇಡಂ. ಎಂಗುಸ್ರು ಅಂತ ಬರುದ್ರೆ ತಿರ್ಗಾ ವಾಪಸ್ ಕಳುಸ್ತಾರೆ ಅಂತ ಸಾರ್ ಹೆಸ್ರು ಹಾಕ್ಬುಟ್ಟೆ. ರಕ್ತ ನಿಮ್ದೇಯ, ಅದ್ರಲ್ಲಿ ಮೋಸ ಇಲ್ಲ."

ಹೆಂಗಸರಿಗೆ ಎಷ್ಟಿರಬೇಕು ಅಂದೆ. ಗೊತ್ತಿಲ್ಲ! ನನ್ನೆದುರೇ ಬೆಂಗಳೂರಿಗೆ ಫೋನ್ ಮಾಡಿ ಕೇಳಿದ. ಮುಖ ಸಣ್ಣದು ಮಾಡಿಕೊಂಡು, "ಎಪ್ಪತ್ರ ಒಳ್ಗಂತೆ" ಅಂದ.

ಅರ್ಧ ಆಂಪ್ಯೂಲಿಗೇ ನೂರ ತೊಂಬತ್ತೆರಡು. ಅದರ ಮೇಲೆ ಎರಡು ಪೂರ್ತಿ ಹಾಕಿಸಿಕೊಂಡೆನಲ್ಲ. ಅವನನ್ನು ಬೈಯೋಣ ಅಂತ ಬಾಯಿ ತೆಗೆದರೆ ಬರೀ ಗೊರಗೊರ.

ಮನೆಗೆ ಬಂದು ಇವರ ಕೈಗೆ ಕಾಗದ ಕೊಟ್ಟೆ. ಓದಿ, "ನನ್ ಹೆಸ್ರಲ್ಲಿ ಕಮ್ಮಿ ಅಂತ ಬರ್ದವ್ನಾ? ಇದ ಯಾರ್ಯಾರ್ ನೋಡವ್ರೆ?" ಅಂದರು. ನನ್ನ ಗಂಟಲು ಹೋದದ್ದಲ್ಲ, ಇವರ ಮೀಸೆಯ ಚಿಂತೆ! ಕಾಫಿ ಲೋಟ ಕುಕ್ಕಿ ಎದ್ದೆ.

19-8-96, ಬೆಳಿಗ್ಗೆ 10

ಎಸ್.ಟಿ.ಡಿ. ಬೂತಿನಿಂದ ಮೈಸೂರಿಗೆ ಮಾಡಿದೆ. ಪಾಪ, ಇವರೂ ರಜೆ ಹಾಕಿ ಜೊತೆಗೆ ಬಂದರು. ಶನಿವಾರದಿಂದ ಮಾತು ಕಮ್ಮಿ. ಕ್ಲಿನಿಕ್ಕಿನ ಹುಡುಗಿ ಎತ್ತಿದಳು.

"ಹೇಳಿ ಸಾರ್."

ಅರ್ಜೆಂಟಾಗಿ ಡಾಕ್ಟರ್ ಬೇಕಿತ್ತು ಅಂದೆ.

"ಪೇಶೆಂಟ್ ಯಾರು ಸಾರ್, ನಿಮ್ಮ ಮಿಸೆಸ್ಸಾ?"

ನಾನೇ ಅಂದೆ.

"ಇದು ಲೇಡೀಸ್ ಕ್ಲಿನಿಕ್ ಸಾರ್. ಮನೆಯವರಿಗೆ ಫೋನ್ ಕೊಡಿ."

ಇವರು ಎಲ್ಲ ಕೇಳಿಸಿಕೊಂಡರು. "ಕೊಡು, ನಾನ್ ಹೇಳ್ತೀನಿ" ಅಂತ ಕೈ ಚಾಚಿದರು. ರಿಸೀವರ್ ಕೊಡಲಿಲ್ಲ. ಇವರ ಹೆಸರಿನಲ್ಲಿ ಆದದ್ದು ಸಾಕು. ಗೌರಮ್ಮಣ್ಣಿ, ನಲವತ್ತಾರು, ಹೆಣ್ಣು — ಇದ್ದ ಗಂಟಲಿನಲ್ಲೇ, ಬೂತಿನವನಿಗೂ ಕೇಳುವ ಹಾಗೆ ಹೇಳಿದೆ. ಅವಳು ಲೈನ್ ಹಿಡಿದಿರಲು ಹೇಳಿದಳು. ಆಮೇಲೆ ಡಾಕ್ಟರ್ ಬಂದರು. ಅಂಕಿ ಹೇಳಿದೆ. ಅವರು ಮೊದಲು, "ಗೌರಮ್ಮಣ್ಣಿ, ಮಾತಾಡ್ತಿರೋದು ನೀವೇನಾ?" ಅಂತ ಕೇಳಿದರು.

ಹೌದು ಅಂದೆ. ಇದು ಮತ್ತೆ ಸರಿಹೋಗುತ್ತಾ ಮೇಡಂ ಅಂದೆ. ಅವರು, "ಇಂಜೆಕ್ಷನ್ ಇವತ್ತೇ ನಿಲ್ಲಿಸಿ. ಗಂಟಲು ಪೂರ್ತಿ ವಾಪಸ್ ಬರುತ್ತೆ ಅಂತ ಮಾತ್ರ ಹೇಳೋಕಾಗಲ್ಲ" ಅಂದರು.