ಮೋಟಾರನ್ನು ಮೊದಲು ಕೇಳುವ ಪೆಟ್ಟಿಗೆ

ಜೂನ್ 3, ಮಂಗಳವಾರ. ಸಂಜೆ 5.20

ಬೆಳಿಗ್ಗೆ ನೀರುದೋಸೆ. ಮಧ್ಯಾಹ್ನ ಯಾರೂ ಸರಿಯಾಗಿ ಉಣ್ಣಲಿಲ್ಲ. ಹನ್ನೊಂದಕ್ಕೆ ಹೋದ ಕರೆಂಟ್ ನಾಲ್ಕಕ್ಕೆ ಬಂತು. ನನ್ನ ಗಂಡ ತೀರಿಕೊಂಡು ಇವತ್ತಿಗೆ ಐವತ್ತೆಂಟು ದಿನ. ವಿಧವೆಯ ಇದ್ದತ್ ಮುಗಿಯಲು ಇನ್ನೂ ಎಪ್ಪತ್ತು ದಿನ ಉಂಟೆಂದು ಅತ್ತೆ ಬೆರಳು ಮಡಚಿ ಎಣಿಸಿದರು. ಅಲ್ಲಿಯವರೆಗೆ ಗೇಟು ದಾಟುವ ಹಾಗಿಲ್ಲ, ಹೊರಗಿನ ಗಂಡಸರ ಎದುರು ಬರುವ ಹಾಗಿಲ್ಲ. ಹೊರಗೆ ಹೋಗಿ ಮಾಡುವುದಾದರೂ ಏನು...

ಫರಂಗಿಪೇಟೆಯ ಅವರ ಅಂಗಡಿಯಲ್ಲಿ ರಿಪೇರಿಗೆ ಬಂದ ಒಂಬತ್ತು ಮಿಕ್ಸಿ, ಮೂರು ಪಂಪು ಹಾಗೇ ಕೂತಿವೆ. ಜನ ಫೋನ್ ಮಾಡುತ್ತಾರೆ. ವಿಷಯ ತಿಳಿದ ಮೇಲೆ ಮಿಕ್ಸಿ ಕೇಳದೆ ಇಟ್ಟುಬಿಡುತ್ತಾರೆ.

ಪೋಸ್ಟಿನಲ್ಲಿ ಒಂದು ದಪ್ಪ ಕವರ್. ಇಂಗ್ಲಿಷ್. ಮಗಳು ಫರ್ಹಾನ ಓದಿದಳು. ಪೇಟೆಂಟ್ ಏಜೆಂಟ್ ಕಳಿಸಿದ್ದು. ಮೇಲೆ 'ಡಿಯರ್ ಮಿಸ್ಟರ್ ಅಸ್ಕರ್' ಎಂದಿದೆ. ಅವಳು ಅಲ್ಲಿಗೆ ನಿಲ್ಲಿಸಿದಳು.

ಜೂನ್ 5, ಗುರುವಾರ. ಮಧ್ಯಾಹ್ನ

ಶಶಿಕಿರಣ ಸರ್ ಫೋನ್ ಮಾಡಿದ್ದರು. ಮೂಡುಬಿದಿರೆಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವವರು. ನನ್ನ ಗಂಡ ಕಂಡುಹಿಡಿದ ಪೆಟ್ಟಿಗೆಗೆ ಪೇಟೆಂಟ್ ಅರ್ಜಿ ಬರೆದುಕೊಟ್ಟದ್ದು ಅವರೇ. ಫರ್ಹಾನ ಸ್ಪೀಕರಿಗೆ ಹಾಕಿದಳು.

ಪೆಟ್ಟಿಗೆ ಎಂದರೆ ಇಷ್ಟೇ. ಸ್ವಿಚ್ ಒತ್ತಿದ ಕೂಡಲೇ ಪಂಪಿಗೆ ಕರೆಂಟ್ ಹೋಗುವುದಿಲ್ಲ. ಮೊದಲು ಸಣ್ಣ ಬ್ಯಾಟರಿಯಿಂದ ಮೋಟಾರಿನ ಒಳಗನ್ನು ಪರೀಕ್ಷೆ ಮಾಡುತ್ತದೆ. ನೀರು ಸೇರಿ ಕರೆಂಟ್ ಸೋರುವ ಹಾಗಿದ್ದರೆ ಕೆಂಪು ದೀಪ. ಮೋಟಾರ್ ಓಡುವುದೇ ಇಲ್ಲ. "ಮೊದಲು ಕೇಳಬೇಕು, ಮತ್ತೆ ಕೆಲಸ ಹೇಳಬೇಕು. ಮೋಟಾರಿಗಾದ್ರೂ ಹೆಂಡತಿಗಾದ್ರೂ" ಎನ್ನುತ್ತಿದ್ದರು ಇವರು. ಕೇಳದೆ ನನಗೆ ಎಷ್ಟು ಕೆಲಸ ಹೇಳಿಲ್ಲ!

ಸರ್ ಹೇಳಿದರು: "ಒಂದು ಕಂಪೆನಿ ಆಕ್ಷೇಪ ಹಾಕಿದೆ ಅಕ್ಕ. ಇದು ಹೊಸತಲ್ಲ, ಬಂಟ್ವಾಳದ ಕಡೆ ಮೊದಲೇ ಇತ್ತು ಅಂತ. ಆಧಾರ ಏನೂ ಇಲ್ಲ ಅವರ ಹತ್ರ. ಮಾವಿನ ಮರಕ್ಕೆ ಕಲ್ಲು ಬಿಸಾಡಿ ನೋಡುವ ಹಾಗೆ."

ಅರ್ಜಿ ಹಾಕಿದ್ದು 2022ರ ಜನವರಿಯಲ್ಲಿ. ಅದಕ್ಕೆ ಮೊದಲಿನ ಒಂದು ವರ್ಷ ಪರೀಕ್ಷೆಗೆಂದು ಅಲ್ಲಿ ಇಲ್ಲಿ ಬಾವಿಗಳಿಗೆ ಹಾಕಿದ್ದರೆ ಕಾನೂನು ಬಿಡುತ್ತದಂತೆ. ಅದಕ್ಕೂ ಹಿಂದೆ ಒಂದೇ ಒಂದು ಕಡೆ ಹಾಕಿದ್ದರೂ ಪೇಟೆಂಟ್ ಇಲ್ಲ. ಹಾಕಿಲ್ಲ ಎಂದು ವಾರಸುದಾರರು, ಅಂದರೆ ನಾನು, ಅಫಿಡವಿಟ್ ಕೊಡಬೇಕು. ಜುಲೈ 16ಕ್ಕೆ ಹಿಯರಿಂಗ್.

"ಎಲ್ಲಿಯೂ ಹಾಕಿಲ್ವಾ ಸರ್?"

"ನನಗೆ ತೋರಿಸಿದ್ದೇ ಇಪ್ಪತ್ತೊಂದರಲ್ಲಿ. ನೀವು ಸೈನ್ ಮಾಡಿ ಸಾಕು. ಸರ್ಟಿಫಿಕೇಟಿನಲ್ಲಿ ಅಸ್ಕರನ ಹೆಸರು ಬರ್ತದೆ."

ಫರ್ಹಾನ ಆಗಲೇ ಹಾಲ್‌ನ ಗೋಡೆಯಿಂದ ಕ್ಯಾಲೆಂಡರ್ ತೆಗೆದು ಅಪ್ಪನ ಸರ್ಟಿಫಿಕೇಟಿಗೆ ಜಾಗ ಮಾಡಿದ್ದಾಳೆ. "ಉಪ್ಪನನ್ನು ಎಲ್ಲರೂ ಮಿಕ್ಸಿ ರಿಪೇರಿಯವ ಅಂತಲೇ ಕರೆದದ್ದು. ಇನ್ನು ಕರೀಲಿ ನೋಡುವ."

ಜೂನ್ 14, ಶನಿವಾರ

ಇವತ್ತು ದುಃಖ ವಿಚಾರಿಸಲು ಐದು ಮಂದಿ ಹೆಂಗಸರು ಬಂದಿದ್ದರು. ಪಾಣೆಮಂಗಳೂರಿನವರೇ ಹೆಚ್ಚು. ಪಕ್ಕದ ಮನೆಯ ಸೌದಾ ಚಾ ಮಾಡಿದಳು. ಒಬ್ಬೊಬ್ಬರದೂ ಒಂದೊಂದು ಮಾತು — ನಮ್ಮ ಬಾವಿಗೆ ಪೆಟ್ಟಿಗೆ ಹಾಕಿಕೊಟ್ಟರು, ಒಂದು ಲೋಟ ನೀರೂ ಕುಡಿಯಲಿಲ್ಲ, ಹೀಗೆ. ಮೊದಲಾದರೆ ಕೇಳುತ್ತಾ ಕೂರುತ್ತಿದ್ದೆ. ಈಗ ಕಣ್ಣು ಒರೆಸಿಕೊಳ್ಳುತ್ತಿರುವವರ ಹತ್ತಿರ "ಯಾವ ವರ್ಷ?" ಎಂದು ಕೇಳುತ್ತೇನೆ. ಎಲ್ಲ ಇಪ್ಪತ್ತೊಂದು, ಇಪ್ಪತ್ತೆರಡು. ಅಲ್‌ಹಮ್ದುಲಿಲ್ಲಾ.

ಸೌದಾ ನನ್ನನ್ನೇ ನೋಡುತ್ತಿದ್ದಳು. "ನೀನು ಜನಗಣತಿಯವರ ಹಾಗೆ ಆಗಿದ್ದಿ ಮಾರಾಯ್ತಿ" ಎಂದಳು.

ಜೂನ್ 27, ಶುಕ್ರವಾರ. ಮಧ್ಯಾಹ್ನ 3.10

ಈಗಷ್ಟೇ ಹೋದರು.

ಚಾರ್ಮಾಡಿಯಿಂದ ಒಬ್ಬರು ಅಜ್ಜಿ, ಸುಬ್ಬಮ್ಮ. ಮಳೆಯಲ್ಲಿ ಎರಡು ಬಸ್ಸು ಬದಲಿಸಿ, ಒಂದು ಕಟ್ಟು ಹಲಸಿನ ಹಪ್ಪಳ ಹಿಡಿದುಕೊಂಡು. "ಅಸ್ಕರ್ ಬ್ಯಾರಿಗಳ ಮನೆ ಇದುವಾ? ಮೊನ್ನೆಯಷ್ಟೇ ಗೊತ್ತಾದದ್ದು ನಮಗೆ."

ನಾನು ಕೇಳುವ ಮೊದಲೇ ಅವರೇ ವರ್ಷ ಹೇಳಿದರು. ನೆರೆ ಬಂದ ವರ್ಷ. 2019.

"ನಿಮ್ಮ ಜನ ಹತ್ತು ಹದಿನೈದು ಮಂದಿ ಬಂದಿದ್ರು, ಮನೆಯೊಳಗಿನ ಕೆಸರು ತೆಗೀಲಿಕ್ಕೆ. ಎಲ್ಲರೂ ಹಾರೆ ಹಿಡಿದ್ರೆ ಇವರು ಪಂಪಿನ ಹತ್ರ ಕೂತು ಆಲೋಚನೆ. ನಾನು ಬೈದೆ. ಕೆಲಸಕ್ಕೆ ಬಂದದ್ದಾ, ಕೂರ್ಲಿಕ್ಕೆ ಬಂದದ್ದಾ ಅಂತ! ಮರುವಾರ ಒಬ್ಬರೇ ಬಂದ್ರು, ಒಂದು ಪೆಟ್ಟಿಗೆ ಹಿಡ್ಕೊಂಡು."

ಮರುದಿನವೇ ಸೊಸೆ ಒದ್ದೆ ಕಾಲಲ್ಲಿ ಹೋಗಿ ಸ್ವಿಚ್ ಹಾಕಿದಳಂತೆ. ಕೆಂಪು ದೀಪ. ಬಿಚ್ಚಿಸಿ ನೋಡಿದರೆ ಮೋಟಾರಿನ ಒಳಗೆಲ್ಲ ನೀರು. ಅವಳಿಗೆ ಆಗ ಏಳು ತಿಂಗಳು.

"ಯಾರಿಗೂ ಹೇಳ್ಬೇಡಿ ಅಂದಿದ್ರು. ಹೇಳಿದ್ರೆ ಮೇಲೆ ದೇವರ ಹತ್ರ ಕೂಲಿ ಸಿಕ್ಕುವುದಿಲ್ಲವಂತೆ. ಇನ್ನು ಹೇಳಬಹುದಲ್ಲ ಮಗಾ?"

ಫೋನಿನಲ್ಲಿ ಫೋಟೋ ತೋರಿಸಿದರು. ಪಂಪಿನ ಶೆಡ್ಡಿನ ಗೋಡೆ. ಮೊಳೆಗೆ ಬಿಗಿದ ಸ್ಟೀಲಿನ ಟಿಫಿನ್ ಡಬ್ಬಿ. ಅದರಿಂದ ವೈರು. ಮುಚ್ಚಳದ ಮೇಲೆ ಕೊರೆದ ಅಕ್ಷರ: ರಾಫಿಯಾ, 9-5-2004. ನನ್ನ ಮದುವೆಗೆ ಬಂದ ಡಬ್ಬಿ. ಕಾಣೆಯಾದಾಗ ಒಂದು ವಾರ ಜಗಳ ಮಾಡಿದ್ದೆ. ಬಸ್ಸಿನಲ್ಲಿ ಬಿಟ್ಟೆ ಎಂದಿದ್ದರು.

ಜುಲೈ 6, ಭಾನುವಾರ

ಒಂಬತ್ತು ದಿನ ಬರೆಯಲಿಲ್ಲ.

ಅಫಿಡವಿಟ್ ಬಂದಿದೆ. ಮೂರನೇ ಪ್ಯಾರಾ — 'ನನಗೆ ತಿಳಿದ ಮಟ್ಟಿಗೆ 2021ರ ಜನವರಿಗೆ ಮೊದಲು ಈ ಉಪಕರಣವನ್ನು ಎಲ್ಲಿಯೂ ಅಳವಡಿಸಿಲ್ಲ.' ಆ ಅಜ್ಜಿ ಬಾರದಿದ್ದರೆ ಬಿಸ್ಮಿ ಹೇಳಿ ಸೈನ್ ಹಾಕುತ್ತಿದ್ದೆ. ಸುಳ್ಳೂ ಆಗುತ್ತಿರಲಿಲ್ಲ.

ಇವರು ಸರ್‌ಗೂ ಹೇಳಿರಲಿಲ್ಲ, ನನಗೂ ಹೇಳಿರಲಿಲ್ಲ. ಅರ್ಜಿ ಹಾಕುವಾಗ ಇದು ನೆನಪಾಗಲಿಲ್ಲವೇ? ನೆನಪಾದರೂ ಹೇಳಿರಲಿಕ್ಕಿಲ್ಲ. ಅವರಿಗೆ ಅದು ಉಪಕಾರ. ಕಾನೂನಿನಲ್ಲಿ 'ಬಳಕೆ' ಎಂದು ಅದಕ್ಕೆ ಇನ್ನೊಂದು ಹೆಸರುಂಟೆಂದು ಯಾರಿಗೆ ಗೊತ್ತು? ಈಗ ನಾನು ಹೇಳಿದರೆ ಅವರು ಮುಚ್ಚಿಟ್ಟದ್ದನ್ನು ತೆರೆದ ಹಾಗೆ. ಹೇಳದಿದ್ದರೆ...

ಜುಲೈ 8, ಮಂಗಳವಾರ. ಬೆಳಿಗ್ಗೆ

ಫರ್ಹಾನಳಿಗೆ ಹೇಳಿದೆ. ಬ್ಯಾಗ್ ಹೆಗಲಿಗೆ ಹಾಕಿದವಳು ಹಾಗೇ ಕೂತಳು.

"ಆ ಅಜ್ಜಿ ಬಂದು ಸಾಕ್ಷಿ ಹೇಳ್ತಾರಾ? ಇಲ್ಲ. ಯಾರಿಗೆ ಗೊತ್ತಾಗ್ತದೆ ಉಮ್ಮ?"

"ನನಗೆ ಗೊತ್ತುಂಟಲ್ಲ."

"ನೀವೇನು ಉಪ್ಪನಿಗಿಂತ ದೊಡ್ಡ ಸತ್ಯವಂತರಾ? ಬಸ್ಸಿನಲ್ಲಿ ಬಿಟ್ಟೆ ಅಂತ ಅವರೇ ನಿಮಗೆ ಸುಳ್ಳು ಹೇಳಿದ್ದಲ್ವಾ?"

ಅತ್ತೆ ನಮಾಝಿನ ಚಾಪೆ ಮಡಚುತ್ತಾ ಹೇಳಿದರು: "ಅವನು ಹೇಳಿದ್ದು ಉಪಕಾರ ಮುಚ್ಚಲಿಕ್ಕೆ ಮಗಾ. ಇದು ಉಪಕಾರ ಮಾಡಲೇ ಇಲ್ಲ ಅಂತ ಬರೆದುಕೊಡುವುದು."

"ನಿಮಗೆಲ್ಲ ಸ್ವರ್ಗ ಬೇಕು. ನನಗೆ ಉಪ್ಪನ ಹೆಸರು ಬೇಕು." ಚಾ ಕುಡಿಯದೆ ಹೋದಳು. ಅವಳು ಹೇಳಿದ್ದರಲ್ಲಿ ತಪ್ಪೇನೂ ಕಾಣುವುದಿಲ್ಲ. ಅದೇ ಕಷ್ಟ.

ಜುಲೈ 10, ಗುರುವಾರ. 11.30

ನಾನೇ ಸರ್‌ಗೆ ಫೋನ್ ಮಾಡಿ ಅಜ್ಜಿ ಹೇಳಿದ್ದನ್ನು ಹೇಳಿದೆ. ಹಿಂದೆ ಕಾಲೇಜಿನ ಬೆಲ್ ಹೊಡೆಯಿತು.

"ಆ ಅಜ್ಜಿಗೆ ಒಂದು ಬಸ್ ತಪ್ಪಬಾರದಿತ್ತಾ..." ನಕ್ಕರು, ಸರಿಯಾಗಿ ನಗಲಾಗಲಿಲ್ಲ. "ನಾಲ್ಕು ವರ್ಷ ಅಕ್ಕ. ಒಂದೊಂದು ಚಿತ್ರವನ್ನು ಹತ್ತು ಸಲ ಬರೆಸಿದ್ದಾನೆ ನನ್ನ ಹತ್ರ. ಇಷ್ಟು ಮಾತ್ರ ಹೇಳಲಿಲ್ಲ ನೋಡಿ, ಕಳ್ಳ."

"ಹೇಳಿಕೆ ಕೊಟ್ಟರೆ ಏನಾಗ್ತದೆ?"

"ಅರ್ಜಿ ಬಿದ್ದುಹೋಗ್ತದೆ. ಆ ಕಂಪೆನಿಯವರು ಬೇಕಾದಷ್ಟು ಮಾಡಿ ಮಾರಬಹುದು."

"ತಮ್ಮದು ಅಂತ ಹೇಳಬಹುದಾ?"

"ಅದಾಗುವುದಿಲ್ಲ. ಯಾರದ್ದೂ ಅಲ್ಲ ಆಮೇಲೆ. ಯಾರೂ ಮಾಡಬಹುದು." ಫೋನ್ ಇಡುವ ಮೊದಲು ಹೇಳಿದರು: "ನೀವು ಇನ್ನೊಮ್ಮೆ ಆಲೋಚನೆ ಮಾಡಿ. ನಾನು ಯಾರಿಗೂ ಹೇಳುವುದಿಲ್ಲ."

ಅವರು ಒತ್ತಾಯ ಮಾಡಿದ್ದರೆ ಸುಲಭ ಇತ್ತು.

ಜುಲೈ 15, ಮಂಗಳವಾರ. ಸಂಜೆ 4.00

ನೂರನೇ ದಿನ. ಮಳೆ ಸ್ವಲ್ಪ ಬಿಟ್ಟಿದೆ.

ನಿನ್ನೆ ಸೌದಾ ಬಿ.ಸಿ. ರೋಡಿನಿಂದ ನೋಟರಿ ಮೇಡಂ ಒಬ್ಬರನ್ನು ಮನೆಗೇ ಕರೆತಂದಿದ್ದಳು. ಮೂರನೇ ಪ್ಯಾರಾ ಹೊಡೆದುಹಾಕಿ ಕನ್ನಡದಲ್ಲಿ ನಾನೇ ಬರೆದಿದ್ದೆ. 'ನನ್ನ ಗಂಡ ಅಸ್ಕರ್ ಈ ಉಪಕರಣವನ್ನು ಮೊದಲು ಅಳವಡಿಸಿದ್ದು 2019ರ ಆಗಸ್ಟ್ ತಿಂಗಳಲ್ಲಿ, ಬೆಳ್ತಂಗಡಿ ತಾಲೂಕು ಚಾರ್ಮಾಡಿಯಲ್ಲಿ, ಸುಬ್ಬಮ್ಮ ಎಂಬವರ ಮನೆಯ ಪಂಪಿಗೆ.' ಅವರಿದ್ದಾಗ ಒಮ್ಮೆಯೂ ಹೆಸರು ಹಿಡಿದು ಕರೆದಿರಲಿಲ್ಲ. ಬರೆಯುವಾಗ ಪೆನ್ನು ಅಲ್ಲೇ ನಿಂತಿತು. ಮೇಡಂ ಕಾದರು.

ಕಳಿಸುವ ಮೊದಲು ಫರ್ಹಾನ ಕಾಗದ ಕೇಳಿ ತೆಗೆದುಕೊಂಡಳು. ಹರಿದರೆ ಹರಿಯಲಿ ಎಂದು ಕೊಟ್ಟೆ. ಎರಡು ಸಲ ಓದಿದಳು. ಫೋನಿನಲ್ಲಿ ಸ್ಕ್ಯಾನ್ ಮಾಡಿ ಸರ್‌ಗೆ ಕಳಿಸಿದಳು. ಮತ್ತೆ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು. ಇವತ್ತೂ ನನ್ನ ಹತ್ತಿರ ಮಾತಿಲ್ಲ. ಅನ್ನ ಅತ್ತೆಯ ಕೈಯಿಂದ ಬಡಿಸಿಕೊಳ್ಳುತ್ತಾಳೆ.

ಸರ್ ಅವರ ಮೆಸೇಜ್ ಬಂತು. ನಾಳೆ ಹನ್ನೊಂದಕ್ಕೆ ಹಿಯರಿಂಗ್. ಅರ್ಜಿ ಬಿದ್ದುಹೋಗಲು ಐದು ನಿಮಿಷವೂ ಬೇಡವಂತೆ.