ಡ್ರಮ್ ಸೋಲೋ ನಡುವೆ ನಿನ್ನ ಕೂಗು

ಆದೀಶ,

ಇದನ್ನು ವಾಟ್ಸ್ಆ್ಯಪ್ ಮಾಡಿದರೂ ಒಂದೇ ಟಿಕ್ ಬೀಳುತ್ತದೆ ಎಂದು ಗೊತ್ತು ಕಣೋ, ಅದಕ್ಕೇ ಕಳಿಸುತ್ತಿಲ್ಲ.

ಇವತ್ತು ಅರಸೀಕೆರೆಯಿಂದ ಬಸ್ ಹತ್ತಿ ಹಳೇಬೀಡಿಗೆ, ನಿಮ್ಮ ಮನೆಗೆ ಹೋಗಿದ್ದೆ. ಬೆಂಗಳೂರಿನ ಜಾಜ್ ಶೋನಲ್ಲಿ ನೀನು ಮಾಡಿದ್ದ ರೆಕಾರ್ಡಿಂಗ್ ಕೇಳಬೇಕೆಂದು ನಿನ್ನ ಅಮ್ಮ ಕರೆದಿದ್ದರು. ಆಕ್ಸಿಡೆಂಟಿನಲ್ಲಿ ನಿನ್ನ ಜೊತೆ ಫೋನೂ ಹೋಯಿತಲ್ಲ, ಆ ರೆಕಾರ್ಡಿಂಗ್ ಈಗ ಇರುವುದು ನನ್ನ ಹತ್ತಿರ.

ಹಾಕಿದೆ. ಬ್ಯಾಂಡಿನ ನಾಲ್ಕೂ ಜನ ಮೈಮೇಲೆ ಬಂದವರಂತೆ ನುಡಿಸುತ್ತಿದ್ದರು. ಸ್ಯಾಕ್ಸೋಫೋನಿನವನು ಉಸಿರು ತೆಗೆದುಕೊಳ್ಳುವುದನ್ನೇ ಮರೆತಂತಿತ್ತು. ಅಮ್ಮ ಕಣ್ಣು ಮುಚ್ಚಿ ಕೇಳಿದರು. ಡ್ರಮ್ ಸೋಲೋ ಮುಗಿಯಿತು.

"ಅವ್ನು ಮನೇಲಿ ಹಾಕ್ದಾಗೆಲ್ಲ ಇಲ್ಲೇ ಅವನ ಕೂಗು ಕೇಳ್ತಿತ್ತಲ್ಲಮ್ಮಾ ಸಿರಿ, ಅದೆಲ್ಲಿ?"

ರೆಕಾರ್ಡಿಂಗನ್ನು ಬೇಡದ ಸದ್ದು ತೆಗೆಯುವ ಆ್ಯಪ್‌ಗೆ ಹಾಕಿ, ಜನರ ಗಲಾಟೆಯನ್ನೆಲ್ಲ, ಅದರ ಜೊತೆ ನಿನ್ನ ಕೂಗನ್ನೂ ಒರೆಸಿ, ನಮ್ಮ ಗ್ರೂಪಿನಲ್ಲಿ ಬೆಂಕಿ ಇಮೋಜಿ ಗಿಟ್ಟಿಸಿದ್ದೆ ನಾನು. ಜಾಗ ಸಾಲದೆಂದು ಹಳೆಯ ಫೈಲನ್ನು ಅಳಿಸಿಯೂ ಇದ್ದೆ.

ಅದನ್ನು ಅಮ್ಮನಿಗೆ ಹೇಳಲಾಗಲಿಲ್ಲ. ಮತ್ತೆ ಹಾಕಿದೆ. ಡ್ರಮ್ಮಿನ ಏಟು ಏರತೊಡಗಿದಾಗ ನಿನ್ನ ಹಾಗೇ ಕೂಗಿದೆ: "ಹೊಡಿಯಣ್ಣಾ, ಹೊಡಿ!"

ಅಮ್ಮ ಕಣ್ಣು ಬಿಟ್ಟು ನನ್ನನ್ನೇ ನೋಡಿದರು.

"ಅವ್ನು ಇನ್ನೂ ಜೋರಾಗ್ ಕೂಗ್ತಿದ್ದ ಕಣಮ್ಮ," ಎಂದರು. "ಇನ್ನೊಂದ್ ಸಲ ಹಾಕು."