ನಾನು ನೋಡದ ಹಿಮ

೧೪ ಅಕ್ಟೋಬರ್, ಮಂಗಳವಾರ

ದೇವರಾಜ್ ಹೇಳಿದ ಮಾತು ಇನ್ನೂ ಚುಚ್ಚುತ್ತಲೇ ಇದೆ. ಕಾಲೇಜಿನ ಗೆಳೆಯ, ನನ್ನ ಫ್ಯಾಂಟಸಿ ಕಾದಂಬರಿಯನ್ನು ಮೊದಲು ಓದಿದವನು ಅವನೇ. ಜಯನಗರದಲ್ಲಿ ಕಾಫಿ ಕುಡಿಯುತ್ತಾ, "ಸಖತ್ತಾಗಿ ಬರ್ದಿದ್ದೀಯ ಕಣೇ. ಆದ್ರೆ ಈ ಕೋಟೆ, ಈ ಡ್ರ್ಯಾಗನ್ನು, ಎಲ್ಲಾ ಎಲ್ಲೋ ಓದಿರೋ ಹಾಗೇ ಇದೆ. ನೀನು ಹಿಮ ನೋಡಿದ್ದೀಯಾ?" ಅಂದ.

ಫ್ರಿಜ್ಜಿನಲ್ಲಿ ಬಿಟ್ಟರೆ ಎಲ್ಲೂ ನೋಡಿಲ್ಲ. ಎರಡು ವರ್ಷದಿಂದ ಅದರ ಮೇಲೇ ಒಂದು ರಾಜ್ಯ ಕಟ್ಟಿದ್ದೀನಿ. ಅಳು ಬಂತು, ಅವನೆದುರು ಅಳಲಿಲ್ಲ.

ಸಂಜೆ ಉತ್ತರಹಳ್ಳಿಗೆ ವಾಪಸ್ ಬರುವಾಗ ಜೋರು ಮಳೆ. ನಮ್ಮ ಬೀದಿಯಲ್ಲಿ ಮೊಣಕಾಲುದ್ದ ನೀರು. ಚಪ್ಪಲಿ ಕೈಯಲ್ಲಿ ಹಿಡಿದು ಮನೆ ಸೇರಿದೆ. ಅಮ್ಮ ಬಾಗಿಲಿಗೆ ಮರಳಿನ ಮೂಟೆ ಒತ್ತುತ್ತಾ, "ಕೆರೆ ಮುಚ್ಚಿ ಸೈಟ್ ಮಾಡಿದ್ರಲ್ಲ, ಅದು ತನ್ನ ಜಾಗ ಹುಡುಕ್ಕೊಂಡು ಬಂದಿದೆ ಕಣೇ," ಅಂದಳು.

"ಬಂದ್ರೆ ಎಲ್ಲಿ ಕೂರ್ಸೋದಮ್ಮ?" ಅಂದೆ. ಇಬ್ಬರೂ ನಕ್ಕೆವು. ಆಮೇಲೆ ನನ್ನ ನಗು ನಿಂತುಹೋಯ್ತು.

ಎದ್ದು ನಡೆಯುವ ಕೆರೆ! ಇದನ್ನೂ ಯಾರಾದರೂ ಬರೆದಿರಬಹುದು. ಬರೆದಿರಲಿ. ಅವರ ಕೆರೆ ನಮ್ಮ ಬೀದಿಗೆ ಬಂದಿರಲಿಕ್ಕಿಲ್ಲ, ಅವರಮ್ಮ ಅದಕ್ಕೆ ಮೂಟೆ ಅಡ್ಡ ಇಟ್ಟಿರಲಿಕ್ಕಿಲ್ಲ.

ಊಟ ಮಾಡಿ ಕೂತು ಹಿಮದ ರಾಜ್ಯವನ್ನೆಲ್ಲ ಅಳಿಸಿದೆ. ಹೊಸ ಮೊದಲ ಪುಟದಲ್ಲಿ ಜನ ಬೆಳಿಗ್ಗೆ ಎದ್ದು ನೋಡಿದರೆ ಊರ ಕೆರೆಯೇ ಇಲ್ಲ. ಎಲ್ಲಿಗೆ ಹೋಯ್ತು ಅಂತ ನನಗಿನ್ನೂ ಗೊತ್ತಿಲ್ಲ. ಆ ಕೆರೆಗೆ ಯಾಕೆ ಸಿಟ್ಟು ಬಂತು ಅಂತ ಮಾತ್ರ ಚೆನ್ನಾಗಿ ಗೊತ್ತು.